ಕವಡೆ ಮೊದಲು, ನಡೆ ಆಮೇಲೆ

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಒಂದು ಸಣ್ಣ ಜಗಳ ಆಯ್ತು. ವಿಷಯ ರಾಜಕೀಯವಲ್ಲ, ಕ್ರಿಕೆಟ್ಟೂ ಅಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ 'ಇನ್‌ಟು ದ ಬ್ರೀಚ್' ಅನ್ನೋ ಗೇಮ್ ತೆರೆದಿತ್ತು. ಅಡ್ಡ ಎಂಟು, ಉದ್ದ ಎಂಟು ಮನೆಗಳ ಒಂದು ಮಣೆ. ಅದರ ಮೇಲೆ ಚುಕ್ಕೆ ಚುಕ್ಕೆ ಜೋಡಿಸಿ ಬರೆದಂತಿರೋ ಮೂರು ಯಂತ್ರ, ನಾಲ್ಕೈದು ರಾಕ್ಷಸ ಹುಳ. ಪಕ್ಕದ ಸೀಟಿನವನು ಇಣುಕಿ ನೋಡಿ, "ಏನ್ ಗುರು, ಇನ್ನೂ ಟೀವಿ ಗೇಮ್ ಆಡ್ತಿದ್ದೀಯಾ? ಇದೆಲ್ಲ ನಾಸ್ಟಾಲ್ಜಿಯಾ ಅಷ್ಟೇ. ಚಿಕ್ಕವನಿದ್ದಾಗ ಆಡಿದ್ದು ನೆನಪಾಗುತ್ತೆ, ಅದಕ್ಕೇ ಖುಷಿ" ಅಂದ.

ಊಟ ಮುಗಿಯೋವರೆಗೂ ವಾದ ಮಾಡಿದೆ, ಅವನು ಒಪ್ಪಲಿಲ್ಲ. ಅಲ್ಲಿ ಬಾಯಿಗೆ ಬರದೇ ಇದ್ದದ್ದನ್ನೆಲ್ಲ ಇಲ್ಲಿ ಬರೀತಿದ್ದೇನೆ. ಉದ್ದ ಆದ್ರೆ ಸಹಿಸಿಕೊಳ್ಳಿ.

ಮೊದಲನೇದು, ನಾಸ್ಟಾಲ್ಜಿಯಾ ಅನ್ನೋದು ಸುಳ್ಳು. ಇನ್‌ಟು ದ ಬ್ರೀಚ್ ಬಂದಿದ್ದು 2018ರಲ್ಲಿ. 'ಬಾಬಾ ಈಸ್ ಯು' ಬಂದಿದ್ದು 2019ರಲ್ಲಿ. ಎರಡೂ ಬರೋ ಹೊತ್ತಿಗೆ ನಾನು ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರುಗಳಲ್ಲಿ ಬ್ಯಾಕ್‌ಲಾಗ್ ಎಣಿಸ್ತಿದ್ದೆ. ಇನ್ನು ಉಗ್ರಾಣದಲ್ಲಿ ಪೆಟ್ಟಿಗೆ ತಳ್ಳೋ 'ಸೋಕೋಬಾನ್' ಜಪಾನಿನಲ್ಲಿ ಹುಟ್ಟಿದ್ದು 1982ರಲ್ಲಿ, ಆಗ ನಾನಿನ್ನೂ ಹುಟ್ಟೇ ಇರಲಿಲ್ಲ. ಅದನ್ನ ನಾನು ಮೊದಲ ಸಲ ಆಡಿದ್ದು ಇಪ್ಪತ್ತೈದನೇ ವಯಸ್ಸಿನಲ್ಲಿ. ಹುಟ್ಟದೇ ಇದ್ದ ಕಾಲದ ನೆನಪು ಹೇಗ್ರೀ ಬರುತ್ತೆ? ಬದಲಿಗೆ ನಾನು ನಿಜವಾಗ್ಲೂ ಚಿಕ್ಕಂದಿನಲ್ಲಿ ಆಡಿದ್ದು ಶಿವಾಜಿನಗರದ ಬಸ್ ನಿಲ್ದಾಣದ ಹತ್ತಿರ ಅಪ್ಪ ಕೊಡಿಸಿದ ಟೀವಿ ಗೇಮ್. ಕ್ಯಾಸೆಟ್ ಮೇಲೆ 9999 ಆಟ ಅಂತ ಬರೆದಿರೋದು, ಒಳಗೆ ಎಣಿಸಿದ್ರೆ ಹತ್ತೋ ಹದಿನೈದೋ ಆಟ. ಹೋದ ವರ್ಷ ಅವನ್ನೇ ಹುಡುಕಿ ಮತ್ತೆ ಆಡಿದೆ. ಮುಕ್ಕಾಲು ಪಾಲು ಕಸ. ಹತ್ತು ನಿಮಿಷಕ್ಕೆ ಬೇಜಾರು ಬಂತು. ನೆನಪೇ ರುಚಿ ಕೊಡೋದಾದ್ರೆ ಆ ಕಸವೂ ರುಚಿಸಬೇಕಿತ್ತಲ್ಲ?

ಎರಡನೇದು, ಚುಕ್ಕೆ ಚುಕ್ಕೆ ಚಿತ್ರ. ಅದು ಹಳೇದು ಅಂತ ಚೆಂದವಲ್ಲ, ಓದೋಕೆ ಬರುತ್ತೆ ಅಂತ ಚೆಂದ. ಪರದೆ ಮೇಲೆ ಹನ್ನೆರಡು ವಸ್ತು ಇದ್ರೆ ಹನ್ನೆರಡಕ್ಕೂ ಒಂದೊಂದು ಅರ್ಥ ಇರುತ್ತೆ. ಟೆಟ್ರಿಸ್‌ನಲ್ಲಿ ಹತ್ತು ಅಗಲ, ಇಪ್ಪತ್ತು ಎತ್ತರದ ಒಂದು ಬಾವಿ, ಏಳು ಥರದ ತುಂಡು, ಮುಗೀತು. ನಿಮಗೆ ಗೊತ್ತಿರಬೇಕಾದ್ದೆಲ್ಲ ಕಣ್ಣ ಮುಂದಿದೆ. ಕೋಟಿಗಟ್ಟಲೆ ಸುರಿದು ಮಾಡಿದ ಗೇಮ್‌ಗಳಲ್ಲಿ ಹುಲ್ಲಿನ ಎಸಳು ಗಾಳಿಗೆ ಅಲ್ಲಾಡುತ್ತೆ, ನಿಜ. ಆದ್ರೆ ಯಾವ ಬಾಗಿಲು ತೆಗೆಯುತ್ತೆ, ಯಾವುದು ಬರೀ ಗೋಡೆ ಮೇಲೆ ಬರೆದ ಚಿತ್ರ ಅಂತ ಗೊತ್ತಾಗೋಕೆ ಪ್ರತಿ ಬಾಗಿಲನ್ನೂ ತಟ್ಟಿ ನೋಡಬೇಕು.

ಹಾಗಾದ್ರೆ ಈ ಆಟಗಳಲ್ಲಿರೋ ತೃಪ್ತಿ ಯಾವುದು? ಅದನ್ನ ಹೇಳೋಕೆ ನಾನು ಹಲಸೂರಿಗೆ ಹೋಗಬೇಕು, ನಮ್ಮಜ್ಜಿ ಮನೆಗೆ.

ಸೋಮೇಶ್ವರ ದೇವಸ್ಥಾನದಿಂದ ಸ್ವಲ್ಪ ದೂರದ ಒಂದು ವಠಾರ. ಕೆಂಪು ಗಾರೆ ನೆಲ. ಬೇಸಿಗೆ ರಜದಲ್ಲಿ ಮಧ್ಯಾಹ್ನ ಊಟ ಆದ ಮೇಲೆ ಅಜ್ಜಿ ಸೀಮೆಸುಣ್ಣ ತಗೊಂಡು ನೆಲದ ಮೇಲೆ ಐದಕ್ಕೆ ಐದು ಮನೆ ಬರೀತಿದ್ರು. ಚೌಕಾಬಾರ. ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕಾಯಿ ಅಂದ್ರೆ ಒಬ್ಬರದು ಹುಣಸೆ ಬೀಜ, ಒಬ್ಬರದು ಬಳೆ ಚೂರು, ಒಬ್ಬರದು ಮುರಿದ ಕಡ್ಡಿ. ಪಕ್ಕದ ಮನೆಯವರು ತಮಿಳರು, ಅವರು ಇದನ್ನ ದಾಯಂ ಅಂತಿದ್ರು. ಹೆಸರಿಗೆ ಜಗಳ ಆಗ್ತಿರಲಿಲ್ಲ, ಕಾಯಿ ಕಡಿದಾಗ ಮಾತ್ರ ಆಗ್ತಿತ್ತು :-)

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೇನೆ. ಇಪ್ಪತ್ತೈದು ಮನೆಯಲ್ಲಿ ಹೊರಸುತ್ತಿಗೆ ಹದಿನಾರು, ಒಳಸುತ್ತಿಗೆ ಎಂಟು, ನಡುವೆ ಒಂದು. ಕವಡೆ ಎಸೆದಾಗ ಎಷ್ಟು ಅಂಗಾತ ಬಿತ್ತೋ ಅಷ್ಟು ಮನೆ ನಡೆಸಬಹುದು. ನಾಲ್ಕೂ ಅಂಗಾತ ಬಿದ್ರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ರೆ ಬಾರ, ಎಂಟು. ಚೌಕ ಅಥವಾ ಬಾರ ಬಿದ್ರೆ ಇನ್ನೊಂದು ಸಲ ಎಸೆಯಬಹುದು. ಎದುರಾಳಿಯ ಕಾಯಿ ಇರೋ ಮನೆಗೆ ನೀವು ಬಂದ್ರೆ ಅದನ್ನ ಕಡಿದು ಹೊರಗೆ ಹಾಕಬಹುದು. ಒಂದಾದ್ರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗೋ ಹಾಗಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣು.

ನೋಡೋಕೆ ಇದು ಬರೀ ಅದೃಷ್ಟದ ಆಟ. ನಾನೂ ಹಾಗೇ ಅಂದುಕೊಂಡಿದ್ದೆ. ಆದ್ರೆ ಹತ್ತರಲ್ಲಿ ಎಂಟು ಸಲ ಅಜ್ಜಿ ಗೆಲ್ತಿದ್ರು. ಕವಡೆಗೆ ಅಜ್ಜಿ ಮೇಲೆ ವಿಶೇಷ ಪ್ರೀತಿ ಇದೆ ಅಂತ ನಾವು ಮಕ್ಕಳು ತೀರ್ಮಾನ ಮಾಡಿದ್ವಿ. ಪ್ರಾಬಬಿಲಿಟಿ ಓದಿದ ಮೇಲೆ ಒಂದು ದಿನ ಕೂತು ಲೆಕ್ಕ ಹಾಕಿದಾಗ ವಿಷಯ ಗೊತ್ತಾಯ್ತು.

ಕವಡೆ ಎರಡೂ ಕಡೆಗೆ ಸಮನಾಗಿ ಬೀಳುತ್ತೆ ಅಂತ ಇಟ್ಕೊಳ್ಳಿ. 16 ಸಲ ಎಸೆದ್ರೆ ಸರಾಸರಿ 6 ಸಲ ಎರಡು ಬೀಳುತ್ತೆ, 4 ಸಲ ಒಂದು, 4 ಸಲ ಮೂರು, ಒಂದು ಸಲ ಚೌಕ, ಒಂದು ಸಲ ಬಾರ. ಐದು, ಆರು, ಏಳು ಒಂದೇ ಎಸೆತಕ್ಕೆ ಬೀಳೋದೇ ಇಲ್ಲ! ಅಂದ್ರೆ ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಂತ್ರೆ ಹದಿನಾರರಲ್ಲಿ ಆರು ಸಲ ನಿಮ್ಮ ತಲೆ ಹೋಗುತ್ತೆ. ಐದು ಮನೆ ಮುಂದೆ ನಿಂತ್ರೆ, ಅವನಿಗೆ ಮೊದಲು ಚೌಕ ಬಿದ್ದು, ಆಮೇಲೆ ಒಂದು ಬೀಳಬೇಕು. ಅದು 64ರಲ್ಲಿ ಒಂದು ಸಲ. ಅಜ್ಜಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ. ಆದ್ರೆ ಅವರ ಕಾಯಿ ಯಾವಾಗ್ಲೂ ನಮ್ಮ ಕಾಯಿಯಿಂದ ಐದೋ ಆರೋ ಮನೆ ಮುಂದೆ ಇರೋದು, ಇಲ್ಲಾ ಎರಡು ಮನೆ ಹಿಂದೆ ಹೊಂಚು ಹಾಕಿ ಕೂತಿರೋದು. "ಆತುರ ಯಾಕೋ, ನಾಲ್ಕು ಕಾಯಿ ಇದೆಯಲ್ಲ, ನೋಡಿ ನಡೆಸು" ಅನ್ನೋದು ಒಂದೇ ಅವರ ಪಾಠ.

ಇಲ್ಲಿದೆ ನೋಡಿ ಗುಟ್ಟು. ಚೌಕಾಬಾರದಲ್ಲಿ ಕವಡೆ ಮೊದಲು, ನಡೆ ಆಮೇಲೆ. ಅದೃಷ್ಟ ತನ್ನ ಮಾತು ಆಡಿ ಮುಗಿಸಿದ ಮೇಲೆ ನಿಮ್ಮ ಸರದಿ. ಎರಡು ಬಿತ್ತು, ಸರಿ, ಈ ಎರಡನ್ನ ಯಾವ ಕಾಯಿಗೆ ಕೊಡ್ತೀಯ? ಆ ಪ್ರಶ್ನೆಗೆ ಉತ್ತರ ನಿಮ್ಮದೇ. ಸೋತ ಮೇಲೆ ಮಣೆ ನೋಡಿದ್ರೆ ಯಾವ ನಡೆಯಲ್ಲಿ ತಪ್ಪಿದ್ರಿ ಅಂತ ಬೆರಳಿಟ್ಟು ತೋರಿಸಬಹುದು.

ಟೆಟ್ರಿಸ್ ಕೂಡ ಹೀಗೇ. ತುಂಡು ಯಾವುದು ಅಂತ ಮೊದಲು ಗೊತ್ತಾಗುತ್ತೆ, ಎಲ್ಲಿ ಕೂರಿಸೋದು ಅನ್ನೋದು ಆಮೇಲಿನ ಮಾತು. ಇತ್ತೀಚಿನ ಟೆಟ್ರಿಸ್‌ಗಳಲ್ಲಿ ಏಳೂ ತುಂಡನ್ನ ಒಂದು ಚೀಲಕ್ಕೆ ಹಾಕಿ ಕುಲುಕಿ ಒಂದೊಂದಾಗಿ ತೆಗೆದ ಹಾಗೆ ಕೊಡ್ತಾರೆ. ಏಳೂ ಮುಗಿದ ಮೇಲೇ ಹೊಸ ಚೀಲ. ಹಾಗಾಗಿ ಉದ್ದದ ಕಡ್ಡಿ ಬರಲೇ ಇಲ್ಲ ಅಂತ ಅಳೋ ಹಾಗಿಲ್ಲ, ಎಷ್ಟರೊಳಗೆ ಬಂದೇ ಬರುತ್ತೆ ಅಂತ ಎಣಿಸಬಹುದು. ಇನ್‌ಟು ದ ಬ್ರೀಚ್ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಶತ್ರು ಮುಂದಿನ ಏಟು ಎಲ್ಲಿಗೆ ಹಾಕ್ತಾನೆ, ಯಾವ ಕ್ರಮದಲ್ಲಿ ಹಾಕ್ತಾನೆ ಅನ್ನೋದನ್ನೆಲ್ಲ ಮಣೆ ಮೇಲೆ ಬಾಣ ಬರೆದು ತೋರಿಸಿರ್ತಾರೆ. ನಿಮ್ಮ ಕೈಯಲ್ಲಿರೋದು ಮೂರು ಯಂತ್ರ. ಒಂದು ಹುಳವನ್ನ ಒಂದೇ ಮನೆ ಪಕ್ಕಕ್ಕೆ ತಳ್ಳಿದ್ರೆ ಅದರ ಏಟು ಕಟ್ಟಡದ ಬದಲು ಇನ್ನೊಂದು ಹುಳಕ್ಕೇ ಬೀಳುತ್ತೆ. ಅದೃಷ್ಟ ಒಂಚೂರು ಇದೆ: ಕಟ್ಟಡ ತಾನಾಗೇ ಏಟು ತಡೆದುಕೊಳ್ಳೋ ಸಾಧ್ಯತೆ. ಅದು ಶೇಕಡಾ ಎಷ್ಟು ಅಂತ ಪರದೆ ಮೇಲೇ ಬರೆದಿದೆ, ಅದೂ ನಿಮ್ಮ ಪರವಾಗೇ ಇದೆ. ಒಂದೊಂದು ಸರದಿಗೆ ಹತ್ತು ನಿಮಿಷ ಯೋಚಿಸಿದ್ದೇನೆ ನಾನು. ದಾರಿ ಸಿಕ್ಕಿದಾಗ ಮೈ ಜುಮ್ಮೆನ್ನುತ್ತೆ. ಆ ಖುಷಿಗೂ ಅಜ್ಜಿಯ ಕಾಯಿಯನ್ನ ನಾನು ಮೊದಲ ಸಲ ಕಡಿದಾಗ ಆದ ಖುಷಿಗೂ ಏನೂ ವ್ಯತ್ಯಾಸ ಇಲ್ಲ.

ಇದರ ಉಲ್ಟಾ ಉದಾಹರಣೆ ಬೇಕಾ? ಮೈನ್‌ಸ್ವೀಪರ್ ನೆನಪು ಮಾಡ್ಕೊಳ್ಳಿ. ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಮೇಷ್ಟ್ರು ಆಚೆ ಹೋದ ತಕ್ಷಣ ಎಲ್ಲರೂ ತೆಗೀತಿದ್ದ ಆಟ. ಇಡೀ ಮಣೆಯನ್ನ ತರ್ಕದಿಂದ ಬಿಡಿಸಿಕೊಂಡು ಬಂದಿರ್ತೀರಿ, ಕೊನೆಗೆ ಮೂಲೆಯಲ್ಲಿ ಎರಡು ಮನೆ ಉಳಿಯುತ್ತೆ. ಬಾಂಬು ಇದರಲ್ಲೋ ಅದರಲ್ಲೋ ಹೇಳೋ ಸುಳಿವೇ ಇಲ್ಲ. ಕಣ್ಣು ಮುಚ್ಚಿ ಒತ್ತಬೇಕು. ಢಂ! ಆಗ ಬರೋ ಸಿಟ್ಟು ಸೋಲಿನ ಸಿಟ್ಟಲ್ಲ, ಮೋಸ ಹೋದ ಸಿಟ್ಟು. ಗೆದ್ದರೂ ಅಷ್ಟೇ, ಖುಷಿ ಅರ್ಧ. ಇಲ್ಲಿ ನಡೆ ಮೊದಲು, ಕವಡೆ ಆಮೇಲೆ.

ಹಾಗಂತ ನಡೆ ಆದ ಮೇಲೆ ಕವಡೆ ಬೀಳೋ ಆಟಗಳೆಲ್ಲ ಕೆಟ್ಟವು ಅಂತ ನಾನು ಹೇಳ್ತಿಲ್ಲ. 2012ರ 'ಎಕ್ಸ್‌ಕಾಮ್'ನಲ್ಲಿ ಶೇಕಡಾ 95 ಅಂತ ತೋರಿಸಿ ಗುರಿ ತಪ್ಪಿದಾಗ ಬೈದುಕೊಂಡಿದ್ದೇನೆ, ಆದ್ರೂ ನೂರಾರು ಗಂಟೆ ಆಡಿದ್ದೇನೆ. ಅಲ್ಲಿ ತಪ್ಪಿದ್ರೆ ಏನು ಮಾಡಬೇಕು ಅಂತ ಮೊದಲೇ ಯೋಚಿಸಿಟ್ಟುಕೊಳ್ಳೋದೇ ಆಟ. ಇಪ್ಪತ್ತಕ್ಕೆ ಒಂದು ಸಲ ತಪ್ಪುತ್ತೆ ಅಂತ ಅದು ಹೇಳಿಯೇ ಇತ್ತು, ಕೇಳಿಸಿಕೊಳ್ಳದೇ ಇದ್ದದ್ದು ನಾನು.

ನನ್ನ ಜಗಳ ಇರೋದು ಸುಳ್ಳು ಹೇಳೋ ಆಟದ ಜತೆ.

ಈ ಸುಳ್ಳು ಶುರುವಾಗಿದ್ದು ಒಳ್ಳೆ ಉದ್ದೇಶದಿಂದಲೇ. 'ಸಿವಿಲೈಸೇಷನ್' ಗೇಮ್ ಮಾಡಿದ ಸಿಡ್ ಮೈಯರ್ 2010ರಲ್ಲಿ ಗೇಮ್ ಡೆವಲಪರುಗಳ ಸಮಾವೇಶದಲ್ಲಿ ಒಂದು ಭಾಷಣ ಮಾಡಿದ. ಮೂರಕ್ಕೆ ಒಂದು ಅಂತ ತೋರಿಸಿದ ಕಾಳಗದಲ್ಲಿ ಬಲಿಷ್ಠ ಆಟಗಾರ ಸೋತರೆ ಅವನಿಗೆ ಅನ್ಯಾಯ ಆಯ್ತು ಅನಿಸುತ್ತೆ, ನಾಲ್ಕರಲ್ಲಿ ಒಂದು ಸಲ ಸೋಲಬೇಕಾದ್ದೇ ಆದ್ರೂ ಒಪ್ಪಲ್ಲ ಅಂತ ಅದರಲ್ಲಿ ವಿವರಿಸಿದ್ದ. 'ಫೈರ್ ಎಂಬ್ಲಮ್' ಸರಣಿಯ ಗೇಮ್‌ಗಳು 2002ರಿಂದ ಒಂದು ಕೈಚಳಕ ಮಾಡ್ತಾ ಬಂದವು. ಒಂದು ಸಂಖ್ಯೆ ಎಸೆಯೋ ಕಡೆ ಎರಡು ಎಸೆದು ಸರಾಸರಿ ತೆಗೆಯೋದು. ಪರದೆ ಮೇಲೆ 90 ಅಂತ ಇದ್ರೆ ನಿಜವಾಗಿ 98ರ ಹತ್ತಿರ ಇರುತ್ತೆ. ಮನುಷ್ಯನ ಮನಸ್ಸಿಗೆ 90 ಅಂದ್ರೆ ಹೆಚ್ಚೂಕಡಿಮೆ ನೂರು, ಅದಕ್ಕೆ ತಕ್ಕ ಹಾಗೆ ಕವಡೆಯನ್ನೇ ಬಾಗಿಸಿಬಿಟ್ರು. ಸಣ್ಣ ಸುಳ್ಳು. ಎಲ್ಲರಿಗೂ ಒಂದೇ ಥರದ ಸುಳ್ಳು. ಕ್ಷಮಿಸಬಹುದು.

ಆಮೇಲೆ ಸುಳ್ಳು ದೊಡ್ಡದಾಯ್ತು. ಇದು ನನಗೆ ಹೇಗೆ ಗೊತ್ತು ಅಂದ್ರೆ ಅದರ ಒಂದು ತುಂಡು ಕೋಡ್ ಬರೆದವನು ನಾನೇ.

ಇಂಜಿನಿಯರಿಂಗ್ ಮುಗಿಸಿದ ಮೇಲೆ ಎರಡು ವರ್ಷ ಒಂದು ಗೇಮ್ ಕಂಪನಿಯಲ್ಲಿದ್ದೆ. ಹೆಸರು ಬೇಡ. ಬಣ್ಣ ಬಣ್ಣದ ಹಣ್ಣು ಮೂರು ಸೇರಿಸಿ ಒಡೆಯೋ ಆಟ, ಐದು ಜೀವ, ಜೀವ ಮುಗಿದ್ರೆ ಕಾಯಬೇಕು ಇಲ್ಲಾ ದುಡ್ಡು ಕೊಡಬೇಕು. 2012ರಲ್ಲಿ 'ಕ್ಯಾಂಡಿ ಕ್ರಷ್ ಸಾಗಾ' ಗೆದ್ದ ಮೇಲೆ ಇಂಥವು ನೂರಾರು ಹುಟ್ಟಿದವು, ಇದೂ ಒಂದು. ನನಗೆ ಸಿಕ್ಕ ಕೆಲಸ ಸರಳ. ಆಟಗಾರ ಒಂದು ಹಂತದಲ್ಲಿ ಎಷ್ಟು ಸಲ ಸೋತಿದ್ದಾನೆ ಅಂತ ಸರ್ವರ್ ಎಣಿಸಿಟ್ಟಿರುತ್ತೆ. ಆ ಎಣಿಕೆ ನೋಡಿ ಮೇಲಿಂದ ಬೀಳೋ ಹಣ್ಣುಗಳ ಬಣ್ಣವನ್ನ ಬದಲಾಯಿಸಬೇಕು. ಮೊದಲ ಕೆಲವು ಸೋಲಿನವರೆಗೆ ಕೈ ಬಿಗಿ. 'ಇನ್ನೊಂದೇ ನಡೆ ಇದ್ದಿದ್ರೆ ಗೆದ್ದುಬಿಡ್ತಿದ್ದೆ' ಅನ್ನೋ ಹಾಗೆ ಸೋಲಿಸಬೇಕು, ಆ ಹೊತ್ತಿಗೆ ಸರಿಯಾಗಿ 'ಇನ್ನೈದು ನಡೆ ಕೊಳ್ಳಿ' ಅನ್ನೋ ಗುಂಡಿ ಬರಬೇಕು. ಆದ್ರೂ ಕೊಳ್ಳಲಿಲ್ಲ, ಇನ್ನು ಆಟ ಬಿಟ್ಟುಬಿಡ್ತಾನೆ ಅನಿಸಿದ್ರೆ ಕೈ ಸಡಿಲ. ಬೇಕಾದ ಬಣ್ಣವೇ ಮಳೆ ಸುರಿದ ಹಾಗೆ ಸುರಿಯುತ್ತೆ, ಹಂತ ದಾಟುತ್ತೆ, ಪಟಾಕಿ, ಚಪ್ಪಾಳೆ.

ಇದು ನಮ್ಮ ಕಂಪನಿಯ ಕಂಡುಹಿಡಿತವೇನಲ್ಲ. 2017ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಸಂಶೋಧಕರು ಇಂಥದೇ ಒಂದು ಮೂರು ಸೇರಿಸೋ ಆಟದ ಮೇಲೆ ಪ್ರಬಂಧವನ್ನೇ ಪ್ರಕಟಿಸಿದ್ರು. ಕಷ್ಟವನ್ನ ಆಟಗಾರನಿಗೆ ತಕ್ಕಂತೆ ಏರಿಳಿಸಿದ್ರೆ ಅವನು ಹೆಚ್ಚು ಹೊತ್ತು ಆಟದಲ್ಲಿ ಉಳೀತಾನೆ ಅನ್ನೋದು ಅದರ ಸಾರಾಂಶ. ಇಂಜಿನಿಯರಿಂಗ್ ದೃಷ್ಟಿಯಿಂದ ಚೆಂದದ ಕೆಲಸ, ಆಗ ನಾನೂ ಹೆಮ್ಮೆಯಿಂದಲೇ ಬರೆದಿದ್ದೆ.

ನಮ್ಮ ದೊಡ್ಡಮ್ಮ ಇರೋದು ಕೆ.ಆರ್.ಪುರದಲ್ಲಿ. ಅಜ್ಜಿಯ ದೊಡ್ಡ ಮಗಳು, ಚೌಕಾಬಾರದಲ್ಲಿ ಅಜ್ಜಿಯನ್ನ ಸೋಲಿಸ್ತಿದ್ದ ಒಬ್ಬರೇ ಒಬ್ಬರು. ಮಗ ಕೆಲಸ ಮಾಡೋ ಕಂಪನಿಯ ಆಟ ಅಂತ ಪ್ರೀತಿಯಿಂದ ಫೋನಿಗೆ ಹಾಕಿಸಿಕೊಂಡಿದ್ರು. (ನಮ್ಮಲ್ಲಿ ತಂಗಿಯ ಮಗನೂ ಮಗನೇ.) ಒಂದು ಭಾನುವಾರ ಅವರ ಮನೆಗೆ ಹೋದಾಗ ಬಾಗಿಲಲ್ಲೇ, "ಬಾರೋ ಪುಟ್ಟ, ನಾಲ್ಕು ದಿನದಿಂದ ಒದ್ದಾಡ್ತಿದ್ದೆ, ಇವತ್ತು ದಾಟಿಬಿಟ್ಟೆ ನೋಡು! ಮೂಲೆಯಿಂದ ಶುರು ಮಾಡಬೇಕಿತ್ತು ಕಣೋ, ನಾನು ನಡುವಿಂದ ಮಾಡ್ತಿದ್ದೆ" ಅಂದ್ರು. ಮುಖದಲ್ಲಿ ಎಂಥ ಬೆಳಕು ಅಂತೀರಿ.

ನನಗೆ ಗೊತ್ತಿತ್ತು. ಮೂಲೆಯೂ ಅಲ್ಲ, ನಡುವೂ ಅಲ್ಲ. ಸೋಲಿನ ಎಣಿಕೆ ನನ್ನ ಕೋಡ್‌ನಲ್ಲಿದ್ದ ಸಂಖ್ಯೆ ಮುಟ್ಟಿತ್ತು, ಅಷ್ಟೇ.

ಆವತ್ತು ಏನೂ ಹೇಳಲಿಲ್ಲ. ಕಾಫಿ ಕುಡಿದು ಎದ್ದು ಬಂದೆ. ಆದ್ರೆ ನೋಡಿ, ದೊಡ್ಡಮ್ಮ ಏನು ಮಾಡಿದ್ರು ಅಂತ. ಸೋತ ಮೇಲೆ ಮಣೆ ನೋಡಿ ಪಾಠ ಕಲಿಯೋಕೆ ಹೋದ್ರು. ಅಜ್ಜಿ ಕಲಿಸಿದ್ದು ಅದನ್ನೇ ತಾನೇ. ಕಾರಣ ಹುಡುಕಿದ್ರು, 'ಮೂಲೆಯಿಂದ ಶುರು ಮಾಡಬೇಕು' ಅಂತ ಒಂದು ಸಿದ್ಧಾಂತ ಕಟ್ಟಿದ್ರು, ಗೆದ್ದಾಗ ಸಿದ್ಧಾಂತ ಸರಿ ಅಂತ ನಂಬಿದ್ರು. ಇಲ್ಲದೇ ಇರೋ ನಿಯಮವನ್ನ ಅವರು ಕಲಿತರು. ಕಲಿಯೋಕೆ ಹಸಿದಿರೋ ಒಂದು ಒಳ್ಳೆ ಬುದ್ಧಿಗೆ ಹೊಟ್ಟು ತಿನ್ನಿಸಿದ್ವಿ ನಾವು. ನನ್ನ ತಕರಾರಿನ ಬೇರು ಇಲ್ಲೇ ಇದೆ. ದುಡ್ಡು ಕಿತ್ತುಕೊಳ್ಳೋದು ಆಮೇಲಿನ ಮಾತು, ಮೊದಲು ಕಿತ್ತುಕೊಳ್ಳೋದು ತಪ್ಪಿನಿಂದ ಕಲಿಯೋ ಅವಕಾಶವನ್ನ.

ಈಗ ನನ್ನ ಗೆಳೆಯನ ಎರಡನೇ ವಾದಕ್ಕೆ ಬರ್ತೇನೆ. "ಎಲ್ಲರಿಗೂ ನಿನ್ನ ಥರ ತಲೆ ಕೆಡಿಸಿಕೊಳ್ಳೋಕೆ ಪುರಸೊತ್ತಿಲ್ಲ ಮಗಾ. ದಿನವಿಡೀ ದುಡಿದು ಮೆಟ್ರೋದಲ್ಲಿ ನಿಂತವರಿಗೆ ಹತ್ತು ನಿಮಿಷ ಖುಷಿ ಬೇಕು. ನಿಂದು ಜಂಬ" ಅಂದ. ಈ ಮಾತಿನಲ್ಲಿ ನ್ಯಾಯ ಇದೆ. ಸಂಜೆ ಇಂದಿರಾನಗರದಲ್ಲಿ ಹತ್ತಿ ಬೆನ್ನಿಗಾನಹಳ್ಳಿ ದಾಟೋವರೆಗೆ ಸುತ್ತ ನೋಡಿ. ಒಂದು ಕೈ ಮೇಲಿನ ಹಿಡಿಯಲ್ಲಿ, ಒಂದು ಕೈಯಲ್ಲಿ ಫೋನು, ಹೆಬ್ಬೆರಳಲ್ಲಿ ಹಣ್ಣು ಒಡೀತಿರ್ತಾರೆ. ಅವರನ್ನ ಬೈಯೋಕೆ ನನಗೇನು ಹಕ್ಕು?

ಆದ್ರೆ ಸುಲಭ ಅನ್ನೋದು ಬೇರೆ, ಕಳ್ಳತನದ ಸುಲಭ ಬೇರೆ. 2018ರ 'ಸೆಲೆಸ್ಟ್' ಗೇಮ್ ಬಹಳ ಕಷ್ಟದ್ದು. ಅದರಲ್ಲೇ ಒಂದು ಸಹಾಯದ ಆಯ್ಕೆ ಇದೆ. ಆಟದ ವೇಗ ಇಳಿಸಿಕೊಳ್ಳಬಹುದು, ಸಾಯದೇ ಇರೋ ಹಾಗೆ ಮಾಡಿಕೊಳ್ಳಬಹುದು. ಆದ್ರೆ ಅದನ್ನ ಆರಿಸೋದು ನೀವು, ಏನು ಬದಲಾಗುತ್ತೆ ಅನ್ನೋದನ್ನೂ ಮುಂಚೆಯೇ ಹೇಳ್ತಾರೆ. ನಮ್ಮಜ್ಜಿಯೂ ಹಾಗೇ ಮಾಡ್ತಿದ್ರು. ಚಿಕ್ಕ ಮಕ್ಕಳು ಆಟಕ್ಕೆ ಕೂತ್ರೆ, "ಇವಳು ಸಣ್ಣವಳು, ಕಡಿಯದೇ ಇದ್ರೂ ಒಳಗೆ ಹೋಗಲಿ" ಅಂತ ಎಲ್ಲರ ಎದುರಿಗೆ ಹೇಳಿ ಶುರು ಮಾಡೋರು. ಆ ಮಗುವಿಗೂ ಗೊತ್ತಿರೋದು. ಮುಂದಿನ ಬೇಸಿಗೆಗೆ ಅದೇ ಮಗು "ನನಗೂ ಎಲ್ಲರ ಹಾಗೇ ಇರಲಿ" ಅಂತ ಹಟ ಹಿಡಿಯೋದು. ಗೊತ್ತಿದ್ದ ರಿಯಾಯಿತಿಯನ್ನ ಬಿಟ್ಟುಕೊಡೋಕೆ ಆಗುತ್ತೆ. ಗೊತ್ತೇ ಇಲ್ಲದ ರಿಯಾಯಿತಿಯನ್ನ ಹೇಗೆ ಬಿಡೋದು? ಪುರಸೊತ್ತಿನ ಮಾತಿಗೆ ಬಂದ್ರೆ, ಟೆಟ್ರಿಸ್ ಆಡೋಕೂ ಐದೇ ನಿಮಿಷ ಸಾಕು.

ಇನ್ನೊಂದು ಶಬ್ದದ ಮೇಲೂ ನನಗೆ ಸಿಟ್ಟಿದೆ: 'ಕೌಶಲದ ಆಟ'. ದುಡ್ಡು ಕಟ್ಟಿ ಆಡೋ ಆನ್‌ಲೈನ್ ರಮ್ಮಿ ಮತ್ತಿತರ ಆಟಗಳ ಕಂಪನಿಗಳು ವರ್ಷಗಟ್ಟಲೆ ಇದೇ ಶಬ್ದದ ಕೊಡೆಯ ಕೆಳಗೆ ನಿಂತವು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇವನ್ನ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನ ರದ್ದು ಮಾಡಿತು. ಕೊನೆಗೆ 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನೇ ಬಂತು. ಕೌಶಲವೋ ಅದೃಷ್ಟವೋ ಅನ್ನೋ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟು ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಕಾನೂನು ಸರಿಯೋ ತಪ್ಪೋ ವಕೀಲರು ಹೇಳಲಿ. ನನಗೆ ಅನಿಸೋದು ಇಷ್ಟು: ಅಷ್ಟು ವರ್ಷ ಎಲ್ಲರೂ ಕೇಳಿದ್ದು 'ಇದರಲ್ಲಿ ಕೌಶಲ ಎಷ್ಟು, ಅದೃಷ್ಟ ಎಷ್ಟು' ಅಂತ. ಆ ತಕ್ಕಡಿಯಲ್ಲಿ ತೂಗಿದ್ರೆ ಚೌಕಾಬಾರ ಸೋಲುತ್ತೆ, ಅದರಲ್ಲಿ ಅದೃಷ್ಟ ಧಾರಾಳವಾಗಿದೆ. ನಾನು ಕೇಳೋ ಪ್ರಶ್ನೆ ಬೇರೆ. ಕವಡೆ ಎಲ್ಲರ ಕಣ್ಣೆದುರಿಗೆ ಬೀಳುತ್ತಾ? ಮಣೆ ನನ್ನ ಬೆನ್ನ ಹಿಂದೆ ಬದಲಾಗುತ್ತಾ? ಸೋತ ಮೇಲೆ ನನ್ನ ತಪ್ಪು ನನಗೆ ಕಾಣುತ್ತಾ? ಎರಡು ಹೌದು, ಒಂದು ಇಲ್ಲ. ಹಾಗಿದ್ರೆ ಅದು ಆಟ. ಇಲ್ಲದಿದ್ರೆ ಅದು ಸಂತೆಯಲ್ಲಿ ಮೂರು ಬಟ್ಟಲ ಕೆಳಗೆ ಗೋಲಿ ಮುಚ್ಚಿಟ್ಟು ತಿರುಗಿಸೋನ ಮಣೆ, ಎಷ್ಟೇ ಕೌಶಲ ಅಂತ ಬೋರ್ಡು ಹಾಕಲಿ.

ಬಯಲಾಗಿರೋ ಮಣೆ ನಮಗೆ ಹೊಸದೇನೂ ಅಲ್ಲ. ಹಂಪಿಗೆ ಹೋದಾಗ ಕಂಬದ ಮೇಲಿನ ಶಿಲ್ಪದ ಜತೆ ನೆಲವನ್ನೂ ನೋಡಿ, ಕಲ್ಲು ಹಾಸಿನ ಮೇಲೆ ಆಟದ ಮಣೆಗಳನ್ನ ಕೊರೆದಿದ್ದಾರೆ. ಕಲ್ಲಿನಲ್ಲಿ ಕೊರೆದ ಮಣೆಯ ಗೆರೆಯನ್ನ ಆಟದ ನಡುವೆ ಯಾರೂ ಬದಲಾಯಿಸೋಕೆ ಆಗಲ್ಲ! ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನ ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ಓಡಿಸೋ ಸಮಸ್ಯೆಗಳನ್ನ ಕಟ್ಟಿದವರು. ರಾಜ್ಯಭಾರ 1831ರಲ್ಲಿ ಬ್ರಿಟಿಷರ ಕೈಗೆ ಹೋದ ಮೇಲೂ ಮೂರು ದಶಕಕ್ಕಿಂತ ಹೆಚ್ಚು ಕಾಲ ಬದುಕಿದ್ದ ರಾಜ ಅವರು. ಆ ಅರವತ್ತನಾಲ್ಕು ಮನೆಯ ಮುಂದೆ ಅವರ ಸ್ಥಿತಿ ಹೇಗಿದ್ದಿರಬಹುದು ಅಂತ ನನಗೆ ಆಗಾಗ ಅನಿಸುತ್ತೆ. ಹೊರಗೆ ಏನೇ ಇರಲಿ, ಅಲ್ಲಿ ಕುದುರೆ ಎರಡೂವರೆ ಮನೆಯೇ ನಡೀಬೇಕು, ರಾಜನಿಗೂ ಅಷ್ಟೇ, ರೆಸಿಡೆಂಟ್ ಸಾಹೇಬನಿಗೂ ಅಷ್ಟೇ.

ನಾನು ಆ ಕಂಪನಿ ಬಿಟ್ಟೆ. ದೊಡ್ಡ ತ್ಯಾಗ ಅಂತೇನೂ ಅಲ್ಲ, ಬೇರೆ ಕಡೆ ಸಂಬಳವೂ ಜಾಸ್ತಿ ಸಿಕ್ತು. ಈಗ ಬ್ಯಾಂಕಿನವರಿಗೆ ಸಾಫ್ಟ್‌ವೇರ್ ಬರೀತೇನೆ. ಬೇಜಾರಿನ ಕೆಲಸ, ಆದ್ರೆ ಎರಡೂ ಎರಡೂ ಕೂಡಿದ್ರೆ ಎಲ್ಲ ಗಿರಾಕಿಗಳಿಗೂ ನಾಲ್ಕೇ ಬರುತ್ತೆ.

ಹೋದ ತಿಂಗಳು ಮತ್ತೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಆಟ ಇನ್ನೂ ಫೋನಿನಲ್ಲಿತ್ತು. ಧೈರ್ಯ ಮಾಡಿ ಎಲ್ಲ ಹೇಳಿದೆ. ಆ ಹಂತ ನೀವು ಗೆದ್ದಿದ್ದಲ್ಲ ದೊಡ್ಡಮ್ಮ, ಅಷ್ಟು ಸಲ ಸೋತ ಮೇಲೆ ನಾವೇ ಗೆಲ್ಲಿಸ್ತಿದ್ವಿ ಅಂದೆ. ಬೈತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ ಕೇಳಿದ್ರು:

"ಹಾಗಾದ್ರೆ ಅಷ್ಟು ದಿನ ಸೋತಿದ್ದು? ಅದೂ ನಂದಲ್ವಾ?"

ಉತ್ತರ ಹೊಳೆಯಲಿಲ್ಲ. ಗೆಲುವು ಸುಳ್ಳು ಅನ್ನೋದನ್ನ ಅವರು ಹೇಗೋ ನುಂಗಿಕೊಂಡ್ರು. ಸೋಲೂ ತಮ್ಮದಲ್ಲ ಅನ್ನೋದು ಅವರಿಗೆ ಹೆಚ್ಚು ನೋವು ಕೊಡ್ತು. ನನ್ನ ಗೆಳೆಯನಿಗೆ ಒಂದು ಗಂಟೆ ವಾದ ಮಾಡಿಯೂ ಹೇಳೋಕಾಗದ್ದನ್ನ ದೊಡ್ಡಮ್ಮ ಒಂದೇ ಪ್ರಶ್ನೆಯಲ್ಲಿ ಕೇಳಿಬಿಟ್ಟಿದ್ರು. ಸೋಲು ನನ್ನದು ಅಂತ ಖಾತ್ರಿ ಇದ್ರೆ ಮಾತ್ರ ಗೆಲುವೂ ನನ್ನದು. ಈ ಹಳೇ ಥರದ, ಚೌಕ ಚೌಕದ, ತಲೆ ತಿನ್ನೋ ಆಟಗಳು ಕೊಡೋ ತೃಪ್ತಿ ಅಷ್ಟೇ, ಅದಕ್ಕಿಂತ ಹೆಚ್ಚಿನ ಗುಟ್ಟು ಏನೂ ಇಲ್ಲ.

ನಮ್ಮ ಊರಿನ ಪೂರ್ವದ ಕಡೆ, ಹಲಸೂರಿನಿಂದ ವೈಟ್‌ಫೀಲ್ಡ್‌ವರೆಗೆ, ನನ್ನಂಥ ಇಂಜಿನಿಯರುಗಳಿಗೇನು ಬರ. ಅದರಲ್ಲಿ ಕೆಲವರ ಮುಂದೆ ಇವತ್ತೂ ಇಂಥದೊಂದು ಕೋಡ್ ತೆರೆದಿರುತ್ತೆ. ಅವರಿಗೆ ನಾನು ಕೆಲಸ ಬಿಡಿ ಅಂತ ಹೇಳಲ್ಲ, ಮನೆ ಸಾಲ ನನಗೂ ಗೊತ್ತು. ಒಂದು ಮಾತು ಮಾತ್ರ. ಕಷ್ಟ ಇಳಿಸ್ತೀರಾ, ಇಳಿಸಿ, ಪರದೆ ಮೇಲೆ ಒಂದು ಸಾಲು ಬರೆದು ಇಳಿಸಿ: 'ಈ ಸಲ ನಿಮಗೆ ಸುಲಭ ಮಾಡಿದ್ದೇವೆ'. ಇದಕ್ಕೆ ಹೆಚ್ಚೆಂದ್ರೆ ಅರ್ಧ ದಿನದ ಕೆಲಸ. ಅದನ್ನ ಬರೆಯೋಕೆ ಮ್ಯಾನೇಜರ್ ಬಿಡಲ್ಲ ಅಂದ್ರೆ, ಯಾಕೆ ಬಿಡಲ್ಲ ಅಂತ ಯೋಚಿಸಿ. ಆ ಒಂದು ಸಾಲು ಓದಿದ ತಕ್ಷಣ ಆಟಗಾರ ಎದ್ದು ಹೋಗ್ತಾನೆ ಅನ್ನೋ ಹೆದರಿಕೆ ಇದ್ರೆ, ನೀವು ಮಾಡ್ತಿರೋದು ಏನು ಅಂತ ನಿಮಗೇ ಗೊತ್ತಾಗುತ್ತೆ.

ಆವತ್ತು ಹೊರಡೋ ಮುಂಚೆ ದೊಡ್ಡಮ್ಮ ಒಳಗಿಂದ ಕವಡೆ ಹುಡುಕಿ ತಂದ್ರು. ಟೈಲ್ಸ್ ನೆಲದ ಮೇಲೆ ಸೀಮೆಸುಣ್ಣ ಸರಿಯಾಗಿ ಹತ್ತಲ್ಲ, ಹಳೇ ಕ್ಯಾಲೆಂಡರಿನ ಹಿಂದೆ ಪೆನ್ನಿನಲ್ಲಿ ಮನೆ ಬರೆದ್ರು. ಎರಡು ಆಟ ಆಡಿದ್ವಿ, ಎರಡೂ ಸೋತೆ. ಎರಡನೇದರಲ್ಲಿ ಅವರ ಕಾಯಿಯಿಂದ ಸರಿಯಾಗಿ ಎರಡು ಮನೆ ಮುಂದೆ ನನ್ನ ಕಾಯಿ ನಿಲ್ಲಿಸಿದ್ದೆ. ಮೇಲೆ ಇಷ್ಟುದ್ದ ಲೆಕ್ಕ ಬರೆದವನು ಮಾಡೋ ಕೆಲಸವಾ ಅದು? ಎರಡು ಬಿತ್ತು, ಕಡಿದು ಹಾಕಿದ್ರು.

ತಪ್ಪು ನನ್ನದೇ. ಮುಂದಿನ ಭಾನುವಾರ ನೋಡ್ಕೋತೀನಿ.

ನಾಸ್ಟಾಲ್ಜಿಯಾ ಅಂತ ಇನ್ನೂ ಅನ್ನೋರಿದ್ರೆ ಬನ್ನಿ, ಕವಡೆ ನಾನೇ ತರ್ತೀನಿ :-)